ಟೇಪಿಗೆ ಬಿಟ್ಟ ಕಿವಿ

ಕರೆಂಟಿನ ವೈರಿಗೆ ಸುತ್ತಿದ ಕಪ್ಪು ಟೇಪನ್ನು ವರ್ಷಗಳ ಮೇಲೆ ಬಿಚ್ಚಿದರೆ ಒಂದು ವಾಸನೆ ಬರುತ್ತದೆ. ರಬ್ಬರಿನದೂ ಅಲ್ಲ, ಟಾರಿನದೂ ಅಲ್ಲ, ಎರಡೂ ಸೇರಿ ಹಳಸಿದ ಹಾಗಿರುತ್ತದೆ. ಬೆರಳಿಗೆ ಅಂಟಿತೆಂದರೆ ಸೋಪು ಹಾಕಿ ಉಜ್ಜಿದರೂ ಎರಡು ದಿನ ಹೋಗುವುದಿಲ್ಲ. ಹೋದ ತಿಂಗಳು ಉರಿಗಾಂನ ಗಣಿ ಕೂಲಿಯವರ ಸಾಲುಮನೆಗಳ ಲೈನಿನಲ್ಲಿರುವ ನಮ್ಮ ಹಳೆಯ ಮನೆಗೆ ಹೋದಾಗ, ಬಾಗಿಲ ಮುಂದೆಯೇ ಆ ವಾಸನೆ ಮೂಗಿಗೆ ಬಡಿಯಿತು. ಟೇಪು ಬಿಚ್ಚಿದವಳು ನಾನಲ್ಲ. ಆದರೂ ಸರ್ಕಾರ ಮನೆಗಳಿಗೆ ಕರೆಂಟು ಫ್ರೀ ಮಾಡಿದ ಮೊದಲ ವರ್ಷದ ಮಳೆಗಾಲ ಇಡಿಯಾಗಿ ಕಣ್ಣ ಮುಂದೆ ಬಂದು ನಿಂತಿತು. ಬಹಳ ಜನ ಆ ಮಳೆಗಾಲವನ್ನು ಸಂತೋಷದಿಂದ ನೆನೆಯುತ್ತಾರೆ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ.

ಆಗ ಆ ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ಅಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ನನ್ನ ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ತಾನಾಗಿಯೇ ಹೋಗಿತ್ತು, ನಾನೂ ಅದರ ಹಿಂದೆ ಓಡಲಿಲ್ಲ. ದಿನಾ ಬೆಳಿಗ್ಗೆ ಉರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಅಲ್ಲಿ ಒಂದು ಆನ್‌ಲೈನ್ ಸೆಂಟರಿನಲ್ಲಿ ಕೂತು ಜನರ ಅರ್ಜಿ ತುಂಬುತ್ತಿದ್ದೆ. ರೇಷನ್ ಕಾರ್ಡು, ವಿಧವಾ ಪೆನ್ಷನ್, ಜಾತಿ ಸರ್ಟಿಫಿಕೇಟು, ಸ್ಕಾಲರ್‌ಶಿಪ್ಪು. ಈಗಲೂ ಅದೇ ಕೆಲಸ, ಅದೇ ಕುರ್ಚಿ. ಅಪ್ಪ ಮುನಿವೆಂಕಟಪ್ಪ, ಬೇತಮಂಗಲದ ಪಕ್ಕದ ಹಳ್ಳಿಯಿಂದ ಮೀಸೆ ಚಿಗುರುವ ಮುಂಚೆಯೇ ಬಂದು ಚಿನ್ನದ ಗಣಿಗೆ ಇಳಿದವರು. ಗಣಿ ಮುಚ್ಚಿದಾಗ ಚಿನ್ನವನ್ನೇನೂ ತರಲಿಲ್ಲ, ಎದೆ ತುಂಬ ಕಲ್ಲಿನ ದೂಳು ತುಂಬಿಕೊಂಡು ಮೇಲೆ ಬಂದರು. ಮೊದಲು ಕೆಮ್ಮು, ಆಮೇಲೆ ಏದುಸಿರು, ಕೊನೆಗೆ ಹಗಲೂ ರಾತ್ರಿ ಮೂಗಿಗೆ ಆಕ್ಸಿಜನ್ ಮೆಷಿನ್ನಿನ ನಳಿಗೆ. ಆ ಮೆಷಿನ್ನು ಓಡಲು ಕರೆಂಟು ಬೇಕು. ಕರೆಂಟು ಇದ್ದರೆ ಅಪ್ಪ ತಮ್ಮ ಮನೆಯಲ್ಲಿ ತಮ್ಮ ಮಂಚದ ಮೇಲೆ ಇರಬಹುದು, ಇಲ್ಲದಿದ್ದರೆ ಇಲ್ಲ. ಅವರಿಗೆ ಆಗ ಬೇಕಾಗಿದ್ದದ್ದು ಅದೊಂದೇ, ಆ ಲೈನಿನಲ್ಲೇ ಕಣ್ಣು ಮುಚ್ಚಬೇಕು ಎನ್ನುವುದು.

ಗೋಡೆಯ ಆಚೆ ಏಳುಮಲೈ ಮಾಮ, ರಾಣಿ ಅತ್ತೆ. ಮಾಮನ ಮನೆಮಾತು ತಮಿಳು, ನಮ್ಮದು ಅರ್ಧ ಕನ್ನಡ ಅರ್ಧ ತೆಲುಗು, ಜಗಳವಾಡುವುದಕ್ಕೆ ಮೂರೂ ಆಗುತ್ತಿತ್ತು. ಅವರು ಅಪ್ಪನನ್ನು ಮಚ್ಚಾ, ಅಂದರೆ ಭಾವಮೈದ, ಎಂದು ಕರೆಯುತ್ತಿದ್ದರು, ಹಾಗಾಗಿ ನನಗೆ ಅವರು ಮಾಮ. ಗಣಿಯಲ್ಲಿ ಅವರಿಬ್ಬರೂ ಜೋಡಿ. ಬಂಡೆ ಕೊರೆಯುವ ಮೆಷಿನ್ನನ್ನು ಒಬ್ಬ ಹಿಡಿದರೆ ಇನ್ನೊಬ್ಬ ಒತ್ತಿಕೊಡಬೇಕು. ಇಪ್ಪತ್ತು ವರ್ಷ ಒಂದೇ ಮೆಷಿನ್ನಿಗೆ ಇಬ್ಬರೂ ಎದೆ ಕೊಟ್ಟವರು.

ಗಣಿಯೊಳಗೆ ಒಂದು ಕಟ್ಟಳೆ ಇತ್ತಂತೆ. ಟೋಪಿಯ ಮೇಲಿನ ಲೈಟು ಕೆಟ್ಟರೆ ಕೆಟ್ಟವನು ಒಂದು ಹೆಜ್ಜೆಯನ್ನೂ ಇಡಬಾರದು, ನಿಂತಲ್ಲೇ ನಿಲ್ಲಬೇಕು. ಜೋಡಿ ಎಷ್ಟು ಮುಂದೆ ಹೋಗಿದ್ದರೂ ತಿರುಗಿ ಬರಬೇಕು, ಬಂದು ಮುಂದೆ ನಡೆಯಬೇಕು. ಆ ಒಂದು ಬೆಳಕಿನಲ್ಲಿ ಇಬ್ಬರೂ ಹೊರಗೆ ಬರಬೇಕು. ಕತ್ತಲಲ್ಲಿ ತಾನಾಗಿ ಹೆಜ್ಜೆ ಇಟ್ಟವನಿಗೆ ಯಾವ ಗುಂಡಿ ಕಾದಿರುತ್ತದೋ ಯಾರಿಗೂ ಗೊತ್ತಿಲ್ಲ. ಒಂದು ಸಲ ಅಪ್ಪನ ಲೈಟು ಆರಿತು. ಶಿಫ್ಟು ಮುಗಿದಿತ್ತು, ಮಾಮ ಆಗಲೇ ಮೇಲೆ ಹೋಗುವ ಲಿಫ್ಟಿನ ತೊಟ್ಟಿಲ ಹತ್ತಿರ ತಲುಪಿದ್ದರು. ಪಕ್ಕದಲ್ಲಿ ಅಪ್ಪ ಇಲ್ಲದ್ದು ಕಂಡು, ಎಲ್ಲರೂ ಬೇಡವೆಂದರೂ ಅಷ್ಟು ದೂರ ವಾಪಸು ನಡೆದರು. ಅಪ್ಪ ಈ ಕತೆಯನ್ನು ಊಟದ ಮುಂದೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಎಷ್ಟು ಹೊತ್ತು ನಿಂತಿದ್ದೆ ಎಂಬುದು ಮಾತ್ರ ಪ್ರತಿ ಸಲವೂ ಸ್ವಲ್ಪ ಹೆಚ್ಚಾಗುತ್ತಿತ್ತು.

ಲೈನಿನ ಮನೆಗಳಿಗೆ ಬೇರೆ ಬೇರೆ ಮೀಟರು ಕೊಡುವಾಗ ಅಪ್ಪ ಊರಲ್ಲಿರಲಿಲ್ಲ. ಅಜ್ಜಿಯ ತಿಥಿಗೆ ಹಳ್ಳಿಗೆ ಹೋಗಿದ್ದರು. ಬಂದು ನೋಡಿದರೆ ಮಾಮನ ಮನೆಯ ಮುಂದೆ ಮೀಟರು, ನಮ್ಮ ಬಾಗಿಲ ಮೇಲೆ ಬರೀ ಗೋಡೆ. ಆಫೀಸಿಗೆ ಹೋಗಿ ಬರೆದುಕೊಟ್ಟು ಬರುತ್ತೇನೆಂದು ಅಪ್ಪ ಹೊರಟರೆ ಮಾಮ ತಡೆದರಂತೆ, ಒಂದು ಲೈಟಲ್ಲಿ ಇಬ್ಬರೂ ನಡೆದವರು, ಒಂದು ಮೀಟರಲ್ಲಿ ಎರಡು ಮನೆ ನಡೆಯುವುದಿಲ್ಲವೇ ಎಂದು. ಅವತ್ತೇ ಸೂರಿನ ಕೆಳಗೆ ವೈರು ಎಳೆದು ನಮ್ಮ ಬಾಗಿಲ ಮೇಲೆ ಜೋಡಿಸಿದರು. ಜೋಡಿಸಿದ ಕಡೆ ಕಪ್ಪು ಟೇಪು ಸುತ್ತಿ, ಕೊನೆಯನ್ನು ಹಿಂದಕ್ಕೆ ಮಡಚಿ ಚಿಕ್ಕದೊಂದು ಕಿವಿ ಬಿಟ್ಟರು. ಅದು ಗಣಿಯವರ ಅಭ್ಯಾಸ. ಕತ್ತಲಲ್ಲಿ ಗಾಳಿ ಪೈಪಿಗೆ ಸುತ್ತಿದ ಟೇಪು ಬಿಚ್ಚಬೇಕಾಗಿ ಬಂದರೆ ಬೆರಳಿಗೆ ಸಿಗಲಿ ಎಂದು ಹಾಗೆ ಬಿಡುತ್ತಾರೆ. ಮತ್ತೆ ಬಂದು ಬಿಚ್ಚುವ ಕೆಲಸವಿದ್ದರೆ ಮಾತ್ರ ಕಿವಿ.

ಹಾಗೆ ಎರಡು ಮನೆ ಒಂದೇ ಮೀಟರಿನಲ್ಲಿ ವರ್ಷಾನುಗಟ್ಟಲೆ ನಡೆದವು. ಬಿಲ್ಲು ಬಂದರೆ ಮಾಮ ಬಾಗಿಲಿಗೆ ಬಂದು ಕೂತು ಕಾಫಿ ಕುಡಿದು ಪಾಲು ತೆಗೆದುಕೊಂಡು ಹೋಗುತ್ತಿದ್ದರು. ಮೆಷಿನ್ನು ಬಂದ ಮೇಲೆ ದೊಡ್ಡ ಪಾಲು ನಮ್ಮದೇ ಆಯಿತು, ಅದು ನ್ಯಾಯ ಕೂಡ. ಬೇರೆ ಮೀಟರು ಹಾಕಿಸಿಕೊಳ್ಳೋಣ ಎಂದು ನಾನು ಒಂದೆರಡು ಸಲ ಹೇಳಿದ್ದುಂಟು. ಅಪ್ಪ ಮುಖ ಸಿಂಡರಿಸಿದರು. ಏಳುಮಲೈ ಏನಂದುಕೊಂಡಾನು ಎನ್ನುವುದೇ ಅವರ ಉತ್ತರ.

ಆ ವರ್ಷ ಆಷಾಢದ ಗಾಳಿ ಜೋರಾಗಿತ್ತು. ಗಣಿಯಿಂದ ಹೊರಹಾಕಿದ ಮಣ್ಣಿನ ದಿಬ್ಬಗಳಿಂದ ಬಿಳಿ ದೂಳು ಎದ್ದು ಲೈನಿಗೆ ಲೈನೇ ಮಸುಕಾಗುತ್ತಿತ್ತು. ಒಣಹಾಕಿದ ಸೀರೆ ಕೊಡವಿದರೆ ಹಲ್ಲಿಗೆ ಕರಕರ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ಬಾಗಿಲ ಸಂದಿಗೆ ಗೋಣಿ ತುರುಕಿ, ನಾನು ರೈಲಿಗೆ ಓಡುತ್ತಿದ್ದೆ. ಅಪ್ಪ ದಿನವಿಡೀ ಮೆಷಿನ್ನಿನ ಪಕ್ಕ. ಅದರ ಗುಂಯ್‌ಗುಟ್ಟುವ ಸದ್ದಿಗೆ ಮನೆ ಒಗ್ಗಿಹೋಗಿತ್ತು. ಸದ್ದು ನಿಂತರೆ ಮಾತ್ರ ಗಾಬರಿಯಾಗುತ್ತಿತ್ತು. ಕರೆಂಟು ಹೋದ ಹೊತ್ತಿಗೆಂದು ಒಂದು ಚಿಕ್ಕ ಸಿಲಿಂಡರ್ ಇಟ್ಟಿದ್ದೆವು, ಮೂರ್ನಾಲ್ಕು ಗಂಟೆಗೆ ಸಾಕಾಗುವಷ್ಟು.

ಆಗಲೇ ಸರ್ಕಾರ ಕರೆಂಟು ಫ್ರೀ ಎಂದಿತು. ಸೆಂಟರಿನ ಮುಂದೆ ಸಾಲು ರಸ್ತೆಯವರೆಗೂ ಬಂತು. ಬೆಳಿಗ್ಗೆ ಕೂತವಳು ಮಧ್ಯಾಹ್ನ ಊಟದ ಡಬ್ಬಿ ತೆರೆಯಲೂ ಆಗದೆ ಟೈಪು ಮಾಡುತ್ತಿದ್ದೆ. ಆಧಾರ್, ಬಿಲ್ಲಿನ ಮೇಲಿನ ನಂಬರು, ಫೋನಿಗೆ ಬಂದ ಓಟಿಪಿ, ಕೊನೆಗೆ ಒಂದು ಘೋಷಣೆಗೆ ಟಿಕ್. ಮುಗಿಯಿತು, ಮುಂದಿನವರು ಬನ್ನಿ. ಜನ ಅರ್ಜಿ ಹಾಕಿ ಹೋಗುವಾಗ ಕೈ ಮುಗಿಯುತ್ತಿದ್ದರು, ನಾನೇ ಕರೆಂಟು ಕೊಟ್ಟ ಹಾಗೆ. ನನಗೂ ಸ್ವಲ್ಪ ಜಂಬ ಬಂದಿತ್ತೇನೋ.

ಮೊದಲ ದಿನಗಳಲ್ಲೇ ಮಾಮನ ಅರ್ಜಿ ಹಾಕಿದೆ. ಸಾಲಿನಲ್ಲಿ ನಿಲ್ಲುವುದು ಬೇಡ ಎಂದು ಕಾಗದಗಳನ್ನು ನಾನೇ ಒಯ್ದು, ಓಟಿಪಿಯನ್ನು ಫೋನಿನಲ್ಲಿ ಕೇಳಿ, ಸರಸರನೆ ತುಂಬಿದೆ. ಕೊನೆಯ ಘೋಷಣೆಯಲ್ಲಿ ಈ ಮೀಟರು ಒಂದೇ ಕುಟುಂಬದ ಮನೆಬಳಕೆಗೆ ಎಂಬ ಅರ್ಥದ ಒಂದು ಸಾಲಿತ್ತು. ದಿನಕ್ಕೆ ನೂರು ಸಲ ಟಿಕ್ ಮಾಡುವ ಸಾಲು, ಅದನ್ನು ಓದುವವರು ಯಾರು? ಟಿಕ್ ಮಾಡಿದೆ. ಸಂಜೆ ಬಂದು ಹೇಳಿದಾಗ ರಾಣಿ ಅತ್ತೆ ನನ್ನ ತಲೆ ನೇವರಿಸಿ, ಬೆಲ್ಲ ಹಾಕಿದ ಅಕ್ಕಿಹಿಟ್ಟಿನ ಪಣಿಯಾರ ಕೊಟ್ಟರು. ನಮ್ಮ ಪಾಲಿನ ಕರೆಂಟೂ ಫ್ರೀ ಆಯಿತಲ್ಲ ಎಂದು ಅಪ್ಪ ಮೆಷಿನ್ನಿನ ಕಡೆ ನೋಡಿ ನಕ್ಕರು. ಅದನ್ನು ಹಿಂದಿನಿಂದಲೂ ಅವರು ದುಬಾರಿ ಹೆಂಡತಿ ಎಂದು ಕರೆಯುತ್ತಿದ್ದರು.

ಶ್ರಾವಣದಲ್ಲಿ ಮಳೆ ಹಿಡಿಯಿತು, ದೂಳು ಕೂತಿತು, ಅಪ್ಪನ ಉಸಿರು ಸ್ವಲ್ಪ ಹದಕ್ಕೆ ಬಂತು. ಸೊನ್ನೆ ಎಂದು ಮುದ್ರಿಸಿದ ಮೊದಲ ಬಿಲ್ಲೂ ಬಂತು. ಮಾಮ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದು, ಇದರಲ್ಲಿ ಇನ್ನೇನು ಬರೆದಿದೆ ಓದು ಎಂದರು. ನಾನು ಓದಿ ಹೇಳಿದೆ. ಎಷ್ಟಾದರೂ ಉರಿಸಬಹುದು ಎನ್ನುವ ಫ್ರೀ ಅದಲ್ಲ. ಹೋದ ವರ್ಷ ಮೀಟರು ತಿಂಗಳಿಗೆ ಸರಾಸರಿ ಎಷ್ಟು ಓಡಿದೆಯೋ ಅಷ್ಟು, ಅದರ ಮೇಲೆ ಒಂದಿಷ್ಟು. ಅಷ್ಟರೊಳಗಿದ್ದರೆ ಸೊನ್ನೆ. ಅದು ಮೀರಿದರೆ ಮೇಲಿನದಕ್ಕೆ ಕಟ್ಟಬೇಕು. ಇನ್ನೂರು ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು. ಅಕ್ಕಪಕ್ಕದ ಮನೆಯವರಿಗೆ ಸಿಕ್ಕಿದ್ದು ಒಂದು ಫ್ಯಾನು, ಎರಡು ಬಲ್ಬಿನ ಸರಾಸರಿ. ಇದ್ದುದರಲ್ಲೇ ಹಿಡಿತದಿಂದ ಬದುಕಿದವರಿಗೆ ಸಿಕ್ಕಿದ್ದೂ ಅಷ್ಟೇ ಹಿಡಿತದ್ದು. ಮಾಮನ ಮೀಟರಿಗೆ ಮಾತ್ರ ಅವರೆಲ್ಲರದಕ್ಕಿಂತ ಎಷ್ಟೋ ಹೆಚ್ಚು ಸಿಕ್ಕಿತ್ತು. ಯಾಕೆಂದರೆ ಆ ಸರಾಸರಿಯೊಳಗೆ ನಮ್ಮ ಮನೆಯ ಬಲ್ಬು, ನಮ್ಮ ಫ್ಯಾನು, ಅಪ್ಪನ ಮೆಷಿನ್ನು ಎಲ್ಲ ಸೇರಿದ್ದವು. ನಾನೇ ಇದನ್ನು ಬಿಡಿಸಿ ಬಿಡಿಸಿ ಹೇಳಿದೆ. ಮಾಮ ಸುಮ್ಮನೆ ತಲೆಯಾಡಿಸಿದರು. ರಾಣಿ ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

ತಮಿಳರ ಆಡಿ ಮಾಸದ ಕೊನೆಯ ವಾರ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ ರಿಯಾಯಿತಿಯ ಬ್ಯಾನರು ಕಟ್ಟಿದ್ದರು. ಒಂದು ಸಂಜೆ ನಾನು ಬರುವ ಹೊತ್ತಿಗೆ ಮಾಮನ ಮನೆ ಮುಂದೆ ಗೂಡ್ಸ್ ಆಟೋ. ಕೆಂಪು ಬಣ್ಣದ ಫ್ರಿಜ್ಜು ಇಳಿಯುತ್ತಿತ್ತು. ನಾನೇ ಒಂದು ಕಡೆ ಹಿಡಿದೆ. ನಮ್ಮ ಮನೆಗೆ ತಾಗಿದ ಗೋಡೆಗೆ ಒರಗಿಸಿ ಇಟ್ಟೆವು, ಅತ್ತೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಕರ್ಪೂರ ಹಚ್ಚಿದರು. ಅವರ ಜೀವಮಾನದ ಆಸೆ ಅದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಗಣಿಯ ಕೂಲಿಯಲ್ಲಿ, ಆಮೇಲೆ ಗಣಿ ಮುಚ್ಚಿದ ಬರಗಾಲದಲ್ಲಿ, ತಣ್ಣಗಿನ ನೀರು ಕುಡಿಯಬೇಕೆಂದರೆ ಮಡಕೆಯೇ ಗತಿ. ಮುಂದಿನ ಬಿಲ್ಲಿನಲ್ಲಿ ಫ್ರೀ ಮೀರಿ ಸ್ವಲ್ಪ ಹಣ ಬಂತು. ಅದನ್ನು ನಾನೇ ಕಟ್ಟುತ್ತೇನೆಂದೆ. ಅತ್ತೆ ಬೇಡ ಎನ್ನಲಿಲ್ಲ, ಆದರೆ ಇನ್ನು ವಾಷಿಂಗ್ ಮೆಷಿನ್ನೂ ತಂದರೆ ಏನಾಗುತ್ತದೆ ಎಂದು ಕೇಳಿದರು. ಆ ಪ್ರಶ್ನೆ ಎತ್ತ ಹೋಗುತ್ತಿದೆಯೆಂದು ನನಗೆ ಆಗ ಹೊಳೆಯಲಿಲ್ಲ. ಊರಿನ ಅರ್ಜಿಯನ್ನೆಲ್ಲ ತುಂಬುವ ಬುದ್ಧಿವಂತೆ ನಾನು, ಮನೆ ಪಕ್ಕದ್ದು ಕಾಣಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲಿನ ವಾರ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಸಂಜೆಯ ರೈಲಿನಿಂದ ಇಳಿದು, ಕೊಡೆ ಹಿಡಿದು ಲೈನಿಗೆ ತಿರುಗಿದಾಗ ಎಲ್ಲ ಮನೆಗಳಲ್ಲೂ ದೀಪವಿತ್ತು. ಮಾಮನ ಮನೆಯಲ್ಲಿ ಟಿವಿಯೂ ಓಡುತ್ತಿತ್ತು. ನಮ್ಮದೊಂದು ಮಾತ್ರ ಕತ್ತಲು. ಓಡಿದೆ. ಅಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮೂಗಿನ ನಳಿಗೆ ಸಿಲಿಂಡರಿಗೆ ಸೇರಿತ್ತು. ಗೇಜಿನ ಮುಳ್ಳು ಕೆಳಗಿನ ಗೆರೆಗೆ ಬಂದಿತ್ತು, ಇನ್ನೊಂದು ಗಂಟೆಗಷ್ಟೇ ಸಾಕು. ಯಾವಾಗ ಹೋಯಿತು ಎಂದು ಕೇಳಿದೆ. ಅವರು ಒಂದೊಂದೇ ಮಾತಿಗೆ ಉಸಿರು ಎಳೆದುಕೊಂಡು ಹೇಳಿದರು.

"ಮದ್ಯಾನ ಒರಗಡೆ ಸ್ಟೂಲ್ ಎಳ್ದಂಗಾಯ್ತು. ಏಳುಮಲೈನಾ ಅಂದೆ. ಜವಾಬಿಲ್ಲ. ಆಮೇಲೆ ಕರೆಂಟ್ ಓಯ್ತು. ಏನೋ ರಿಪೇರಿ ಮಾಡ್ತಾ ಅವ್ನೆ ಅಂತ ಸುಮ್ಕಿದ್ದೆ."

ಹೊರಗೆ ಬಂದು ಫೋನಿನ ಬೆಳಕು ಬಿಟ್ಟೆ. ಬಾಗಿಲ ಮೇಲೆ ವೈರಿನ ಜೋಡಣೆ ಬಿಚ್ಚಿತ್ತು. ಎರಡು ತುದಿಗಳಿಗೂ ಹೊಸ ಟೇಪು ಸುತ್ತಿ, ಒಂದನ್ನು ಅವರ ಕಡೆ, ಒಂದನ್ನು ನಮ್ಮ ಕಡೆ, ಸೂರಿನ ಮೊಳೆಗೆ ಒಪ್ಪವಾಗಿ ನೇತುಹಾಕಿದ್ದರು.

ನಾನು ಅವರ ಮನೆಯೊಳಗೆ ಹೋದಾಗ ಚಪ್ಪಲಿ ಬಿಟ್ಟೆನೋ ಇಲ್ಲವೋ ನೆನಪಿಲ್ಲ. ಮಾಮ ಟಿವಿ ನೋಡುತ್ತಿದ್ದರು, ತಿರುಗಲಿಲ್ಲ. ಮಾತಾಡಿದ್ದು ಅತ್ತೆ. ಚೆಕಿಂಗ್‌ನವರು ಬರುತ್ತಾರಂತೆ, ಆಚೆ ಲೈನಿನಲ್ಲಿ ಬಂದಿದ್ದರಂತೆ, ಒಂದು ಮೀಟರಿನಿಂದ ಎರಡು ಮನೆಗೆ ಕೊಟ್ಟರೆ ಫ್ರೀ ಕಿತ್ತುಹಾಕುತ್ತಾರಂತೆ. ಹಾಗೆ ಒಬ್ಬರೂ ಬಂದಿರಲಿಲ್ಲ, ಬಂದಿದ್ದರೆ ನನ್ನ ಸೆಂಟರಿಗೆ ಮೊದಲು ಸುದ್ದಿ ಬರುತ್ತಿತ್ತು. ಅದನ್ನೇ ಹೇಳಿದೆ. ಆಗ ಅತ್ತೆ ನನ್ನ ಮುಖ ನೋಡಿ ಹೇಳಿದ ಮಾತು ಇದು.

"ನೀನೇ ತಾನೇ ಮಾ ಟಿಕ್ ಆಕಿದ್ದು, ಒಂದೇ ಮನೆಗೆ ಅಂತ? ಸುಳ್ಳು ಬರ್ದು ನಾಳೆ ನಮ್ಮನ್ನ ಸಿಕ್ಕಾಕ್ಸಿ ಬಿಡ್ತೀಯಾ?"

ಅರ್ಜಿ ನನ್ನದೇ, ಬೆರಳು ನನ್ನದೇ. ಅವರ ಪಕ್ಕದಲ್ಲಿ ಫ್ರಿಜ್ಜು, ಅದರಾಚೆ ಪ್ಲಾಸ್ಟಿಕ್ ಕವರೂ ತೆಗೆಯದ ವಾಷಿಂಗ್ ಮೆಷಿನ್ನು. ಹೋದ ವರ್ಷ ಅಪ್ಪ ಉಸಿರಾಡಿದ್ದೆಲ್ಲ ಲೆಕ್ಕವಾಗಿ ಅವರಿಗೆ ಫ್ರೀ ಆಗಿತ್ತು. ಈಗ ಅಪ್ಪನೊಬ್ಬ ಪಕ್ಕಕ್ಕೆ ಸರಿದರೆ ಅವರ ಫ್ರೀ ಯೂನಿಟ್ಟಿನಲ್ಲಿ ಅಷ್ಟೂ ಜಾಗ ಖಾಲಿ. ಇದನ್ನೆಲ್ಲ ಹೇಳಬೇಕಿತ್ತು. ನಾನು ಮಾಮನ ಕಡೆಗೇ ನೋಡುತ್ತಿದ್ದೆ. ಅವರು ಟಿವಿಯಿಂದ ಕಣ್ಣು ತೆಗೆಯದೆ ಒಂದು ಮಾತಾಡಿದರು.

"ಟೇಪ್ ಸುತ್ತಿದೀನಿ ಮಾ. ಶಾಕ್ ಒಡಿಯಲ್ಲ."

ಅಷ್ಟೇ. ಅದಕ್ಕಿಂತ ಅವರು ನನಗೆ ಎರಡು ಬಾರಿಸಿದ್ದರೆ ವಾಸಿಯಿತ್ತು. ಬೇಕಾದರೆ ಇವತ್ತೊಂದು ರಾತ್ರಿ ಹಾಕಿಕೊಳ್ಳಿ, ನಾಳೆಯಿಂದ ಆಗುವುದಿಲ್ಲ ಎಂದರು ಅತ್ತೆ. ನಿಮ್ಮ ಒಂದು ರಾತ್ರಿ ನಮಗೆ ಬೇಡ ಎಂದುಬಿಟ್ಟೆ. ಆ ರೋಷ ನನ್ನದು. ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ಮಲಗಿ ಬೆಳಿಗ್ಗೆ ಏಳಲು ಅವರಿಗೆ ಆ ಮನೆಯಲ್ಲಿ ಇನ್ನೊಂದು ರಾತ್ರಿ ಸಿಗುತ್ತಿತ್ತು, ಅದನ್ನು ನಾನು ಕಿತ್ತುಕೊಂಡೆ ಎಂದು ಈಗ ಅನ್ನಿಸುತ್ತದೆ.

ಸೆಂಟರಿನ ಓನರ್ ಅಕ್ಕನಿಗೆ ಫೋನು ಮಾಡಿದೆ. ಅಂಗಡಿಯ ಮೇಲಿನ ರೂಮು ಖಾಲಿಯಿದೆ, ಅದಕ್ಕೆ ಬೇರೆ ಮೀಟರಿದೆ, ಕರೆದುಕೊಂಡು ಬಾ ಎಂದರು. ಆಟೋ ಬರುವವರೆಗೆ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಸೂರಿನ ಕೆಳಗೆ ತಂದೆ. ನಡೆದದ್ದನ್ನು ಹೇಳಿದೆ. ಅವರು ನಂಬಲಿಲ್ಲ. ಇಲಿ ಕಡಿದಿರಬೇಕು, ಅವನು ತೆಗೆದಿರುವುದಿಲ್ಲ ಎಂದರು. ನನಗೆ ರೇಗಿಹೋಯಿತು. ನಮ್ಮ ಕಡೆಯ ತುದಿಯನ್ನು ಮೊಳೆಯಿಂದ ತೆಗೆದು, ಕೆಳಗೆ ಎಳೆದು ಅವರ ಕೈಗೆ ಕೊಟ್ಟು, ಇಲಿ ಟೇಪು ಸುತ್ತುತ್ತದಾ ನೋಡಿ ಎಂದೆ.

ಅಪ್ಪ ಬೆರಳಾಡಿಸಿದರು. ಕಣ್ಣಿನಿಂದ ನೋಡಲೂ ಇಲ್ಲ. ಕೆಳಗಿನಿಂದ ಮೇಲಕ್ಕೆ, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು, ಎಲ್ಲೂ ಸುಕ್ಕಿಲ್ಲ. ಇಪ್ಪತ್ತು ವರ್ಷ ಕತ್ತಲಲ್ಲಿ ಮುಟ್ಟಿದ ಕೈಕೆಲಸ ಅದು.

"ಇದು ಅವನ್ದೇ ಸುತ್ತು," ಅಂದರು. ಆಮೇಲೆ ಬೆರಳು ತುದಿಗೆ ಹೋಗಿ ನಿಂತಿತು. "ಕಿವಿ ಬಿಟ್ಟವ್ನೆ ನೋಡೇ ಮಂಜೀ. ತಿರ್ಗಾ ಬಂದು ಬಿಚ್ಚೋಕೆ ಅಂತಾನೆ ಬಿಟ್ಟವ್ನೆ."

ಗೋಡೆಯಾಚೆ ಫ್ರಿಜ್ಜು ಆಗ ಗುಂಯ್ ಎಂದು ಶುರುವಾಯಿತು. ಅಪ್ಪ ತಲೆ ಎತ್ತಿ ಆ ಕಡೆ ಕಿವಿ ಕೊಟ್ಟರು. ನನ್ನ ಮೆಷಿನ್ನು ಅಲ್ಲಿ ಓಡುತ್ತಾ ಇದೆ ಎಂದು ನಕ್ಕರು. ಅದು ತಮಾಷೆಯೋ, ತಿಳಿದೇ ಆಡಿದ್ದೋ, ನಾನು ಕೇಳಲಿಲ್ಲ. ವೈರನ್ನು ಮತ್ತೆ ಮೊಳೆಗೆ ಹಾಕಿಸಿ, ಅದನ್ನು ಯಾರೂ ಮುಟ್ಟಬೇಡಿ ಎಂದು ಹೇಳಿ ಆಟೋ ಹತ್ತಿದರು.

ಬಂಗಾರಪೇಟೆಯ ಆ ರೂಮಿನಲ್ಲಿ ಕರೆಂಟಿಗೆ ಕೊರತೆಯಿರಲಿಲ್ಲ. ಮೆಷಿನ್ನು ಚೆನ್ನಾಗಿಯೇ ಓಡಿತು. ಕೆಳಗೆ ನಾನು ಅರ್ಜಿ ತುಂಬುವುದು, ಮೇಲೆ ಅಪ್ಪ. ಆದರೆ ಅದು ಅವರ ಮನೆಯಲ್ಲ. ಮಂಚವನ್ನು ಕಿಟಕಿಯ ಪಕ್ಕ ಹಾಕುತ್ತೇನೆಂದರೆ ಬೇಡವೆಂದು, ಬಾಗಿಲಿಗೆ ಮುಖಮಾಡಿ ಹಾಕಿಸಿಕೊಂಡರು. ಸಂಜೆಯ ರೈಲು ಬಂದ ಸದ್ದಾದರೆ ಎದ್ದು ಕೂರುತ್ತಿದ್ದರು. ಉರಿಗಾಂನಿಂದ ಬಂಗಾರಪೇಟೆಗೆ ಎಷ್ಟು ದೂರ? ತೂಕಡಿಸುವಷ್ಟರಲ್ಲಿ ಇಳಿಯಬೇಕು. ಮೆಟ್ಟಿಲಲ್ಲಿ ಯಾರದೇ ಹೆಜ್ಜೆ ಕೇಳಿದರೂ ನಳಿಗೆ ಸರಿಮಾಡಿಕೊಂಡು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ನವರಾತ್ರಿ ಬಂತು, ದೀಪಾವಳಿ ಬಂತು, ಹಿಡಿದು ಬಿಡದ ಕಾರ್ತಿಕದ ಮಳೆ ಬಂತು. ಮಾಮ ಬರಲಿಲ್ಲ. ನಾನು ಒಂದು ದಿನ ಬಾಯಿಬಿಟ್ಟು, ಅವರು ಬರುವುದಿಲ್ಲಪ್ಪ, ನೀವು ಸುಮ್ಮನೆ ಕಾಯಬೇಡಿ ಎಂದೆ. ಅಪ್ಪನಿಗೆ ಸಿಟ್ಟು ಬಂತು. ಲೈಟು ಹೋದವನ ಕೆಲಸ ನಿಲ್ಲುವುದು, ಅಷ್ಟೇ, ಬರುವುದು ಬಿಡುವುದು ಅವನಿಗೆ ಸೇರಿದ್ದು ಎಂದರು. ಆಮೇಲೆ ಆ ಮಾತು ನಾನು ಎತ್ತಲಿಲ್ಲ.

ರೂಮಿಗೆ ಬಂದ ವಾರವೇ ನಾನು ಉರಿಗಾಂ ಮನೆಗೆ ಹೊಸ ಮೀಟರಿಗೆ ಅರ್ಜಿ ಹಾಕಿದ್ದೆ. ಮನೆ ಗಣಿಯ ಕಾಲದ್ದು, ಹಕ್ಕುಪತ್ರವಿಲ್ಲ, ವಾಸದ ದಾಖಲೆ ಬೇಕು, ಆ ದಾಖಲೆಗೆ ಇನ್ನೊಂದು ದಾಖಲೆ ಬೇಕು. ಊರಿಗೆಲ್ಲ ಅರ್ಜಿ ಹಾಕಿಕೊಡುವವಳು ನನ್ನ ಅರ್ಜಿಯ ಹಿಂದೆ ಅಲೆದೆ. ಅಪ್ಪ ಸಂಕ್ರಾಂತಿ ದಾಟಲಿಲ್ಲ. ಮೆಷಿನ್ನು ಓಡುತ್ತಲೇ ಇತ್ತು, ಒಂದು ಬೆಳಿಗ್ಗೆ ಅವರು ಸುಮ್ಮನಾಗಿದ್ದರು, ಬಾಗಿಲಿಗೆ ಮುಖಮಾಡಿಯೇ. ಬೇತಮಂಗಲದ ಹತ್ತಿರ ನಮ್ಮ ಹಳ್ಳಿಯಲ್ಲಿ ಮಣ್ಣು ಮಾಡಿದೆವು. ಮಾಮ ಬಂದಿದ್ದರು. ದೂರದಲ್ಲಿ ಹುಣಸೆಮರದ ಕೆಳಗೆ ನಿಂತಿದ್ದು, ಒಂದು ಹಿಡಿ ಮಣ್ಣು ಹಾಕಲೂ ಮುಂದೆ ಬರದೆ ಬಸ್ಸಿಗೆ ಹೋದರು. ನಾನು ನೋಡಿದರೂ ನೋಡದ ಹಾಗೆ ಇದ್ದೆ. ಹೊಸ ಮೀಟರು ಅದಾದ ಮೇಲೆ ಬಂತು. ಖಾಲಿ ಮನೆಯ ಮುಂದೆ, ಅಪ್ಪನ ಹೆಸರಿನಲ್ಲಿ.

ಇನ್ನು ಹೋದ ತಿಂಗಳ ವಿಷಯ. ಕೌಂಟರಿನ ಮುಂದೆ ಯಾರೋ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತರು. ಕೂರುವುದಕ್ಕೂ ಮೊದಲು ಉಸಿರು ಹಿಡಿಯಬೇಕಾಗಿತ್ತು. ತಲೆ ಎತ್ತುವ ಮೊದಲೇ ಆ ಏದುಸಿರಿನ ಗುರುತು ನನಗೆ ಸಿಕ್ಕಿತು. ಒಂದೇ ಮೆಷಿನ್ನಿಗೆ ಎದೆ ಕೊಟ್ಟವರಲ್ಲವೇ, ಅಪ್ಪನ ಎದೆಗೆ ಹೋದ ದೂಳೇ ಅಲ್ಲೂ ಹೋಗಿತ್ತು. ಏಳುಮಲೈ ಮಾಮ ಅರ್ಧ ಆಗಿದ್ದರು. ಅವರಿಗೂ ಈಗ ಆಕ್ಸಿಜನ್ ಮೆಷಿನ್ನು. ಫ್ರಿಜ್ಜು, ವಾಷಿಂಗ್ ಮೆಷಿನ್ನು, ಅದರ ಮೇಲೆ ಇದು. ಎಲ್ಲ ಸೇರಿ ಇನ್ನೂರು ದಾಟಿ ಪೂರ್ತಿ ಬಿಲ್ಲು ಬರುತ್ತಿತ್ತು. ಕಟ್ಟಲಾಗದೆ ಮೆಷಿನ್ನನ್ನು ಗಂಟೆಗಟ್ಟಲೆ ಆರಿಸಿಡುತ್ತಿದ್ದರಂತೆ. ಕಾಯಿಲೆಯವರ ಮೆಷಿನ್ನಿಗೆ ಬೇರೆ ಏನಾದರೂ ಅರ್ಜಿ ಇದೆಯಾ ಎಂದು ಕೇಳಿದರು. ನನಗೆ ಗೊತ್ತಿರುವ ಹಾಗೆ ಇಲ್ಲ ಎಂದೆ. ಮೇಜಿನ ಮೇಲಿನ ನನ್ನ ಕೈಯನ್ನೇ ನೋಡುತ್ತಾ ಕೇಳಿದರು.

"ನಿಮ್ ಮನೆ ಮೀಟರ್ ಸುಮ್ನೆ ಐತಲ್ಲ ಮಾ. ಅದ್ರಿಂದ ಒಂದು ವೈರ್... ಬಿಲ್ ನಾನೇ ಕಟ್ತೀನಿ."

ಒಂದು ರಾತ್ರಿ ಬೇಕಾದರೆ ಹಾಕಿಕೊಳ್ಳಿ ಎನ್ನೋಣವೆಂದುಕೊಂಡೆ. ನಿಜವಾಗಿ ಹಾಗೇ ಅನ್ನಬೇಕೆಂದಿದ್ದೆ. ಆದರೆ ಆ ಉಸಿರಿನ ಸದ್ದು ಕೇಳಿ ಬೆಳೆದವಳು ನಾನು, ಅದಕ್ಕೆ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಬೀಗದ ಕೈ ತೆಗೆದುಕೊಂಡು ಅವರ ಜೊತೆ ರೈಲು ಹತ್ತಿದೆ.

ರಾಣಿ ಅತ್ತೆ ಬಾಗಿಲಿಂದ ನೋಡಿ, ಒಳಗೆ ಹೋಗಿ, ಹೊರಗೆ ಬರಲೇ ಇಲ್ಲ. ಸೂರಿನ ಕೆಳಗೆ ಎರಡು ತುದಿಗಳೂ ಹಾಗೇ ಇದ್ದವು, ಟೇಪಿನ ಮೇಲೆ ಬಿಳಿ ದೂಳು ಕೂತಿತ್ತು. ಅಪ್ಪ ಕೂತಿದ್ದ ಕುರ್ಚಿಯನ್ನೇ ಹೊರಗೆ ಹಾಕಿ ಮಾಮನನ್ನು ಕೂರಿಸಿದೆ. ಎರಡೂ ಮನೆಯ ಮೇನ್ ತೆಗೆದು, ಎರಡೂ ತುದಿ ಕೆಳಗೆ ಎಳೆದು ಅವರ ಕೈಗೆ ಕೊಟ್ಟೆ. ಅವರ ಬೆರಳು ನೇರವಾಗಿ ಕಿವಿಗೆ ಹೋಯಿತು. ಎಳೆದರು. ಸುತ್ತು ಸುತ್ತಾಗಿ ಟೇಪು ಬಿಚ್ಚಿಕೊಂಡು ಆ ವಾಸನೆ ಬಂತು. ಎರಡನೆಯ ತುದಿಯಲ್ಲಿ ಅವರ ಕೈ ನಿಂತಿತು. ಅದು ನಮ್ಮ ಕಡೆಯದು, ಅಪ್ಪ ಮುಟ್ಟಿ ನೋಡಿದ್ದು.

"ಮಚ್ಚಾ ನನ್ನ ಏನಾದ್ರೂ ಅಂದ್ನಾ ಮಾ?"

ಬೈದರು ಎಂದಿದ್ದರೆ ಅವರಿಗೆ ಹಗುರಾಗುತ್ತಿತ್ತು. ಕ್ಷಮಿಸಿದರು ಎಂದಿದ್ದರೆ ಇನ್ನೂ ಹಗುರ. ಎರಡೂ ನನ್ನ ಕೈಯಲ್ಲಿತ್ತು.

"ಏನೂ ಅನ್ಲಿಲ್ಲ ಮಾಮ. ನಿಂತಲ್ಲೇ ನಿಂತಿದ್ರು, ಕೊನೇವರ್ಗೂ."

ಅವರ ಮುಖದಲ್ಲಿ ಏನಾಯಿತೆಂದು ನಾನು ಬರೆಯುವುದಿಲ್ಲ. ನೋಡಲು ನನಗೆ ಇಷ್ಟವಿತ್ತು, ನೋಡಿದೆ. ವೈರು ಅವರ ಕೈಯಿಂದ ಜಾರಿತು. ಅವರಿಂದ ಮುಂದಿನ ಕೆಲಸ ಆಗುವಂತಿರಲಿಲ್ಲ. ಇಂಥ ಕೆಲಸವನ್ನು ನಾನು ಒಂಟಿಯಾಗಿದ್ದು ಕಲಿತಿದ್ದೇನೆ. ಅವರ ಕಡೆಯ ವೈರನ್ನು ಅವರ ಮೀಟರಿನಿಂದ ಬಿಡಿಸಿ ಆಕ್ಸಿಜನ್ ಮೆಷಿನ್ನಿನ ಪ್ಲಗ್ಗಿಗೆ ಕೊಟ್ಟೆ. ಸ್ಟೂಲು ತಂದು ಹತ್ತಿ, ನಮ್ಮ ಮೀಟರಿನ ವೈರಿಗೆ ಅದನ್ನು ಸೇರಿಸಿ ಬಿಗಿಯಾಗಿ ತಿರುಚಿದೆ. ಒಳಗೆ ಹೋಗಿ ನಮ್ಮ ಮೇನ್ ಹಾಕಿದೆ. ಗೋಡೆಯಾಚೆ ಮೆಷಿನ್ನು ಗುಂಯ್ ಎಂದು ಎದ್ದಿತು. ಈ ಸಲ ಅದು ಫ್ರಿಜ್ಜಲ್ಲ ಎಂದು ನನಗೆ ಗೊತ್ತಿತ್ತು. ಮತ್ತೆ ಮೇನ್ ತೆಗೆದು ಬಂದು, ಜೋಡಣೆಯ ಮೇಲೆ ಹೊಸ ಟೇಪು ಸುತ್ತಿದೆ, ಕೆಳಗಿನಿಂದ ಮೇಲಕ್ಕೆ, ಅರ್ಧದ ಮೇಲೆ ಅರ್ಧ. ಮಾಮ ಕೆಳಗಿನಿಂದ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಈ ಕರೆಂಟನ್ನು ಕತ್ತರಿಸಲು ನಾನು ತಿರುಗಿ ಬರುವವಳಲ್ಲ, ಕಾಫಿ ಕುಡಿಯಲು ಬರುವವಳೂ ಅಲ್ಲ. ಕೊನೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದೆ. ಕಿವಿ ಬಿಡಲಿಲ್ಲ.